ನಾಯಿಯ ಹೊಟ್ಟೆ ಪದೇ ಪದೇ ಕೆಡುತ್ತಿದ್ದರೆ ಎಲ್ಲಿಂದ ಹುಡುಕಬೇಕು?

ನಮ್ಮ ಗುಂಡನಿಗೆ ಎರಡು ತಿಂಗಳು ಹೊಟ್ಟೆ ಸರಿ ಇರಲಿಲ್ಲ. ಭೇದಿ ಅನ್ನುವಷ್ಟು ನೀರಲ್ಲ, ಹಾಗಂತ ಎತ್ತಿ ಹಾಕುವಷ್ಟು ಗಟ್ಟಿಯೂ ಅಲ್ಲ. ಶುರುವಿಗೆ ಚೆನ್ನಾಗಿಯೇ ಬರುತ್ತಿತ್ತು, ಕೊನೆಕೊನೆಗೆ ಪೇಸ್ಟಿನ ಹಾಗೆ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಡಾಗ್ ಫುಡ್ ಬದಲಾಯಿಸಿದೆ. ಸರಿಹೋಗಲಿಲ್ಲ. ಇನ್ನೊಂದು ತಂದೆ. ಆಮೇಲೆ ‘ಸೆನ್ಸಿಟಿವ್ ಸ್ಟಮಕ್’ ಎಂದು ದೊಡ್ಡದಾಗಿ ಬರೆದಿದ್ದ ಮೂರನೆಯದು. ಮೂರೂ ದಂಡ. ತಪ್ಪು ಪ್ಯಾಕೆಟ್ಟಿನೊಳಗೆ ಇರಲೇ ಇಲ್ಲ.

ಆಗ ಗೊತ್ತಾಗಿದ್ದು, ನಾನು ಹುಡುಕಾಟವನ್ನೇ ತಲೆಕೆಳಗಾಗಿ ಮಾಡಿದ್ದೆ ಅಂತ. ಹೊರಗೆ ಏನು ಬರುತ್ತಿದೆ, ಯಾವಾಗ ಬರುತ್ತಿದೆ ಎಂದು ನೋಡುವುದು ಮೊದಲು. ಒಳಗೆ ಏನೇನು ಹೋಗುತ್ತಿದೆ, ಎಷ್ಟು ಹೋಗುತ್ತಿದೆ ಎಂದು ಲೆಕ್ಕ ಹಾಕುವುದು ಆಮೇಲೆ. ಆಹಾರ ಬದಲಾಯಿಸುವುದು ಎಲ್ಲಕ್ಕಿಂತ ಕೊನೆಗೆ. ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ.

ಮನೆಮದ್ದಿಗೆ ಸಮಯವಿಲ್ಲದ ಸಂದರ್ಭಗಳು

ಇದನ್ನು ಓದದೆ ಮುಂದೆ ಹೋಗಬೇಡಿ.

ನಾಯಿ ಮತ್ತೆ ಮತ್ತೆ ಓಕರಿಸುತ್ತಿದೆ, ಆದರೆ ಏನೂ ಹೊರಗೆ ಬರುತ್ತಿಲ್ಲ, ಹೊಟ್ಟೆ ಉಬ್ಬಿ ಬಿಗಿಯಾಗಿದೆ, ಕೂರಲೂ ಆಗದೆ ಮಲಗಲೂ ಆಗದೆ ಒದ್ದಾಡುತ್ತಿದೆ ಅಂದರೆ ಜಠರ ಗಾಳಿ ತುಂಬಿ ತಿರುಚಿಕೊಂಡಿರಬಹುದು. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್ ಥರದ ಎದೆ ಆಳವಾಗಿರುವ ದೊಡ್ಡ ತಳಿಗಳಲ್ಲಿ ಇದು ಜಾಸ್ತಿ. ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಬೆಳಗಾಗಲಿ ಅಂತ ಕಾಯಬಾರದು, ಆಪರೇಷನ್ನೇ ದಾರಿ.

ಲಸಿಕೆ ಪೂರ್ತಿ ಆಗಿರದ ಮರಿಗೆ ವಾಂತಿ ಜೊತೆಗೆ ಕೆಟ್ಟ ವಾಸನೆಯ, ರಕ್ತ ಬೆರೆತ ಭೇದಿ ಶುರುವಾದರೆ ಮೊದಲ ಅನುಮಾನ ಪಾರ್ವೊ ಅನ್ನುವ ವೈರಸ್ ಕಾಯಿಲೆ. ಅದಕ್ಕೆ ಅನ್ನದ ಗಂಜಿ ಮದ್ದಲ್ಲ.

ವಾಂತಿ ಕಾಫಿ ಪುಡಿ ಕಲಸಿದ ಹಾಗಿದ್ದರೆ ಅಥವಾ ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿದ್ದರೆ ಒಳಗೆ ಎಲ್ಲೋ ರಕ್ತ ಸೋರುತ್ತಿದೆ. ಕುಡಿದ ನೀರೂ ನಿಲ್ಲುತ್ತಿಲ್ಲ ಅಂದರೂ ಪಶುವೈದ್ಯರ ಹತ್ತಿರ ಹೊರಡಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕುವ ಸಿಹಿ) ಇರುವ ಚೂಯಿಂಗ್ ಗಮ್, ಮನುಷ್ಯರ ನೋವಿನ ಮಾತ್ರೆ, ಇವುಗಳಲ್ಲಿ ಯಾವುದನ್ನಾದರೂ ತಿಂದಿದೆ ಎಂದು ಗೊತ್ತಾದರೆ ಲಕ್ಷಣ ಕಾಣಿಸಲಿ ಅಂತ ಕಾಯಬೇಡಿ, ಆಗಲೇ ಡಾಕ್ಟರಿಗೆ ಫೋನ್ ಮಾಡಿ. ವಾಂತಿ ಮಾಡಿಸೋಣ ಅಂತ ಉಪ್ಪುನೀರು ಕುಡಿಸಲೇಬೇಡಿ. ಅದರಿಂದ ರಕ್ತದಲ್ಲಿ ಸೋಡಿಯಂ ಏರಿ ಇನ್ನೊಂದು ಅಪಾಯ ಶುರುವಾಗುತ್ತದೆ. ಹಿಂದಿನಿಂದ ದಾರ ನೇತಾಡುತ್ತಿದ್ದರೆ ಎಳೆಯಬಾರದು. ಇನ್ನೊಂದು ತುದಿ ಒಳಗೆ ಸಿಕ್ಕಿಕೊಂಡಿದ್ದರೆ ಕರುಳನ್ನೇ ಕೊಯ್ಯುತ್ತದೆ.

ಇವು ಯಾವುದೂ ಇಲ್ಲ ಅನ್ನಿ. ಆದರೂ ಮೂರು ವಿಷಯ ಕೈಯಾರೆ ನೋಡಿ. ಮೇಲಿನ ತುಟಿ ಎತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳುಪಾದ ಜಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು, ವಸಡು ಒದ್ದೆಯಾಗಿ ಜಾರುವಂತಿರಬೇಕು. ಭುಜದ ಮೇಲಿನ ಚರ್ಮ ಎತ್ತಿ ಬಿಟ್ಟರೆ ತಕ್ಷಣ ಕೂರಬೇಕು. ಗುಡಾರದ ಹಾಗೆ ನಿಂತರೆ ನೀರು ಕಮ್ಮಿಯಾಗಿದೆ. (ವಯಸ್ಸಾದ, ಸೊರಗಿದ ನಾಯಿಗಳಲ್ಲಿ ಚರ್ಮ ಹೇಗೂ ಸಡಿಲ, ಅಲ್ಲಿ ವಸಡನ್ನೇ ನಂಬಿ.) ಗುದದಲ್ಲಿ ಇಡುವ ಥರ್ಮಾಮೀಟರ್ ಇದ್ದರೆ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಮಾಮೂಲು. ಮೂಗು ಬಿಸಿಯೋ ತಣ್ಣಗೋ ಎಂದು ನೋಡಿ ಜ್ವರ ಹೇಳಲು ಆಗುವುದಿಲ್ಲ.

ಬಾಯಿಂದ ಬಂದಿದ್ದು ವಾಂತಿಯೇ?

ಹೊಟ್ಟೆಯ ಸ್ನಾಯು ಎಳೆದು ಎಳೆದು, ಸದ್ದು ಮಾಡಿ, ಕಷ್ಟಪಟ್ಟು ಹೊರಹಾಕಿದರೆ ಅದು ವಾಂತಿ. ಯಾವ ಸೂಚನೆಯೂ ಇಲ್ಲದೆ ತಲೆ ಬಗ್ಗಿಸಿದ ಕೂಡಲೇ ತಿಂದಿದ್ದು ತಿಂದ ಹಾಗೆಯೇ, ಕೆಲವೊಮ್ಮೆ ಕೊಳವೆಯ ಆಕಾರದಲ್ಲಿ ಜಾರಿ ಬಿದ್ದರೆ ಅದು ಅನ್ನನಾಳದಿಂದಲೇ ವಾಪಸ್ ಬಂದಿದ್ದು, ಜಠರಕ್ಕೆ ಹೋಗಿಯೇ ಇಲ್ಲ. ಈ ವ್ಯತ್ಯಾಸ ಡಾಕ್ಟರಿಗೆ ತುಂಬ ಮುಖ್ಯ. ಬಾಯಲ್ಲಿ ವಿವರಿಸುವ ಬದಲು ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ.

ಗಬಗಬ ತಿಂದು ಐದು ನಿಮಿಷಕ್ಕೆ ಹೊರಗೆ ಹಾಕುವ ನಾಯಿಗೆ ಬೇಕಿರುವುದು ಔಷಧಿಯಲ್ಲ. ಅಗಲ ತಟ್ಟೆಯಲ್ಲಿ ಹರಡಿ ಹಾಕಿ, ಅಥವಾ ಒಳಗೆ ದಿಂಡುಗಳಿರುವ ಬಟ್ಟಲು ಬರುತ್ತದಲ್ಲ, ಅದನ್ನು ಬಳಸಿ. ಮನೆಯಲ್ಲಿ ಎರಡು ನಾಯಿ ಇದ್ದರೆ ಬೇರೆ ಬೇರೆ ಕೋಣೆಯಲ್ಲಿ ಊಟ ಕೊಡಿ. ಪೈಪೋಟಿ ತಪ್ಪಿದರೆ ಅರ್ಧ ಅವಸರ ಹೋಗುತ್ತದೆ.

ಇನ್ನೊಂದು ತೀರಾ ಸಾಮಾನ್ಯ ದೂರು, ಬೆಳಗಿನ ಜಾವದ ಹಳದಿ ನೊರೆ. ರಾತ್ರಿ 7ಕ್ಕೆ ಊಟ, ಬೆಳಿಗ್ಗೆ 8ರವರೆಗೆ ಏನಿಲ್ಲ. ಖಾಲಿ ಹೊಟ್ಟೆಗೆ ಪಿತ್ತ ಹಿಂದಕ್ಕೆ ಹರಿದು ಜಠರವನ್ನು ಕೆರಳಿಸುತ್ತದೆ. ವಾಂತಿಯಾದ ಮೇಲೆ ನಾಯಿ ಆರಾಮಾಗಿಯೇ ಇರುತ್ತದೆ, ಊಟವನ್ನೂ ಕೇಳುತ್ತದೆ. ಮಲಗುವ ಮುಂಚೆ ದಿನದ ಪಾಲಿನಲ್ಲೇ ಒಂದು ಹಿಡಿ ಉಳಿಸಿ ಕೊಟ್ಟು ನೋಡಿ. ಹೊಸದಾಗಿ ಸೇರಿಸಬೇಡಿ, ಉಳಿಸಿ ಕೊಡಿ. ಕಾರಣ ಇದೇ ಆಗಿದ್ದರೆ ಮೂರು ನಾಲ್ಕು ದಿನದಲ್ಲೇ ಫಲ ಕಾಣುತ್ತದೆ. ಆಗಲೂ ನಿಲ್ಲದಿದ್ದರೆ ಖಾಲಿ ಹೊಟ್ಟೆಯ ಮೇಲೆ ತಪ್ಪು ಹೊರಿಸುವುದನ್ನು ಬಿಟ್ಟು ಪರೀಕ್ಷೆ ಮಾಡಿಸಿ.

ಹುಲ್ಲು ತಿನ್ನುವುದಕ್ಕೆ ಜನ ಕೊಡುವಷ್ಟು ಮಹತ್ವ ನಾನು ಕೊಡುವುದಿಲ್ಲ. ಆರೋಗ್ಯವಾಗಿರುವ ನಾಯಿಗಳೂ ತಿನ್ನುತ್ತವೆ, ಹೆಚ್ಚಿನವು ವಾಂತಿಯನ್ನೂ ಮಾಡುವುದಿಲ್ಲ.

ಹಿಂದಿನಿಂದ ಬಂದಿದ್ದು ಎಲ್ಲಿಯದು?

ಅಸಹ್ಯ ಅನ್ನಿಸಿದರೂ ಬಗ್ಗಿ ನೋಡಲೇಬೇಕು. ಯಾವ ಕರುಳು ಕೆಟ್ಟಿದೆ ಎಂದು ಅರ್ಧ ಅಲ್ಲೇ ಬರೆದಿರುತ್ತದೆ.

ಒಂದೊಂದು ಸಲಕ್ಕೂ ತುಂಬ ಬರುತ್ತದೆ, ದಿನಕ್ಕೆ ಎರಡು ಮೂರು ಸಲ ಅಷ್ಟೇ, ನೀರು ನೀರಾಗಿದೆ, ಜೊತೆಗೆ ತೂಕವೂ ಇಳಿಯುತ್ತಿದೆ ಅಂದರೆ ತೊಂದರೆ ಸಣ್ಣ ಕರುಳಿನದು. ಸ್ವಲ್ಪ ಸ್ವಲ್ಪವೇ ಬರುತ್ತದೆ, ಆದರೆ ದಿನಕ್ಕೆ ಆರೇಳು ಸಲ ಬಾಗಿಲು ಕೆರೆಯುತ್ತದೆ, ತಿಣುಕುತ್ತದೆ, ಮೇಲೆ ಲೋಳೆ ಅಥವಾ ಕೆಂಪು ರಕ್ತದ ಗೆರೆ ಇರುತ್ತದೆ ಅಂದರೆ ದೊಡ್ಡ ಕರುಳಿನದು. ಎರಡನೆಯದು ನೋಡಲು ಭಯಂಕರ. ಆದರೆ ನಾಯಿ ಚುರುಕಾಗಿದ್ದು ಊಟ ಮಾಡುತ್ತಿದ್ದರೆ, ಎಷ್ಟೋ ಸಲ ಊರಿಗೆ ಹೋಗಿ ಬಂದಿದ್ದು, ಮನೆ ತುಂಬ ನೆಂಟರು ಬಂದಿದ್ದು, ಇಂಥ ಗಾಬರಿಯಿಂದಲೂ ಹೀಗಾಗುತ್ತದೆ. ಎರಡು ದಿನದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ, ರಕ್ತ ಗೆರೆಯಾಗಿರದೆ ಹರಿಯತೊಡಗಿದರೆ, ಮನೆಯಲ್ಲಿ ಕೂರಬೇಡಿ.

ಬಣ್ಣದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ. ಸುಣ್ಣದ ಹಾಗೆ ಬೆಳ್ಳಗೆ, ಪುಡಿಪುಡಿಯಾಗಿದ್ದರೆ ಮೂಳೆ ಜಾಸ್ತಿ ತಿಂದಿದೆ. ಎಣ್ಣೆ ಹೊಳಪಿನ, ಪೇಲವ, ರಾಶಿ ರಾಶಿ ಮಲ, ಎಷ್ಟು ತಿಂದರೂ ಹಸಿವು, ಆದರೂ ಸೊರಗುತ್ತಿದೆ ಅಂದರೆ ಮೇದೋಜೀರಕ ಗ್ರಂಥಿ ಊಟ ಅರಗಿಸುವ ಕಿಣ್ವ ಕೊಡುತ್ತಿಲ್ಲದೆ ಇರಬಹುದು. ಜರ್ಮನ್ ಶೆಫರ್ಡ್‌ಗಳಲ್ಲಿ ಇದು ಹೆಚ್ಚು. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಊಟದಲ್ಲಿ ಕಿಣ್ವದ ಪುಡಿ ಬೆರೆಸಿ ಕೊಡುತ್ತಾರೆ.

ಮುಂಗಾಲು ಚಾಚಿ, ಎದೆ ನೆಲಕ್ಕಿಟ್ಟು, ಹಿಂಭಾಗ ಮೇಲೆತ್ತಿ ನಿಲ್ಲುವುದನ್ನು ಆಟಕ್ಕೆ ಕರೆಯುತ್ತಿದೆ ಅಂದುಕೊಳ್ಳುವುದುಂಟು. ವಾಂತಿಯ ಜೊತೆಗೆ ಹಾಗೆ ನಿಂತರೆ ಅದು ಹೊಟ್ಟೆನೋವು. ಹಿಂದಿನ ದಿನ ಕೊಬ್ಬಿನ ಮಾಂಸ, ಕರಿದ ತಿಂಡಿ ಸಿಕ್ಕಿತ್ತಾ ನೆನಪಿಸಿಕೊಳ್ಳಿ. ಮೇದೋಜೀರಕ ಗ್ರಂಥಿಯ ಉರಿಯೂತ ಹೀಗೂ ಶುರುವಾಗುತ್ತದೆ, ಅದು ಮನೆಯಲ್ಲಿ ಗುಣಪಡಿಸುವಂಥದ್ದಲ್ಲ.

ನೋಟ್‌ಬುಕ್ಕು, ತಕ್ಕಡಿ, ಮನೆಯವರ ವಿಚಾರಣೆ

ಎರಡು ವಾರ ಬರೆಯಿರಿ. ಎಷ್ಟು ಗಂಟೆಗೆ ಏನು ಕೊಟ್ಟೆ, ಎಷ್ಟು ಕೊಟ್ಟೆ, ಎಷ್ಟು ಗಂಟೆಗೆ ಹೋಯಿತು, ಹೇಗಿತ್ತು. ಹೇಗಿತ್ತು ಅನ್ನುವುದಕ್ಕೆ 1ರಿಂದ 7ರ ಅಂಕ ಇಟ್ಟುಕೊಳ್ಳಿ. 1 ಅಂದರೆ ಕಲ್ಲು, 7 ಅಂದರೆ ನೀರು. 2 ಅಥವಾ 3 ಬಂದರೆ ಸಂತೋಷ. ಎತ್ತಿದ ಮೇಲೂ ಆಕಾರ ಉಳಿಯಬೇಕು, ನೆಲಕ್ಕೆ ಅಂಟಬಾರದು.

ಗುಂಡನ ನೋಟ್‌ಬುಕ್ಕಿನಲ್ಲಿ ಬೆಳಿಗ್ಗೆ 3, ಸಂಜೆ 5, ಮರುದಿನ 4, ಹೀಗೆ ಸಾಗಿತ್ತು. ಯಾವ ತಿಂಡಿಗೂ, ಯಾವ ವಾರಕ್ಕೂ ತಾಳೆಯಾಗುತ್ತಿರಲಿಲ್ಲ. ಸುಳಿವು ಸಿಕ್ಕಿದ್ದು ಕಟ್ಟಕಡೆಯ ಸಾಲಿನಲ್ಲಿ. ತೂಕ ಅಂತ ಬರೆದ ಕಡೆ. ಎರಡು ತಿಂಗಳ ಹಿಂದೆ 12 ಕೆಜಿ ಇದ್ದವನು 13 ಕೆಜಿ ಆಗಿದ್ದ. ಹೊಟ್ಟೆ ಕೆಟ್ಟ ನಾಯಿ ದಪ್ಪ ಆಗುತ್ತದಾ?

ಅಡುಗೆಮನೆಯ ತಕ್ಕಡಿ ತೆಗೆದು ಅವನ ಊಟದ ಕಪ್ಪನ್ನು ತೂಗಿದೆ. ಹಳೆಯ ಪ್ಲಾಸ್ಟಿಕ್ ಕಪ್ಪು ಒಡೆದ ಮೇಲೆ ಕೈಗೆ ಸಿಕ್ಕಿದ ಸ್ಟೀಲ್ ಲೋಟವನ್ನೇ ಡಬ್ಬಕ್ಕೆ ಹಾಕಿದ್ದೆವು. ನೋಡಲು ಎರಡೂ ಒಂದೇ. ಹಳೆಯದರಲ್ಲಿ 100 ಗ್ರಾಂ ಹಿಡಿಯುತ್ತಿತ್ತು. ಲೋಟದಲ್ಲಿ 140. ದಿನಕ್ಕೆ ಎರಡು ಲೋಟ, ಅಂದರೆ 200 ಗ್ರಾಂ ತಿನ್ನಬೇಕಾದವನು 280 ಗ್ರಾಂ ತಿನ್ನುತ್ತಿದ್ದ. ಪ್ರತಿ ಸಲ ಹೊಸ ಪ್ಯಾಕೆಟ್ ತಂದಾಗಲೂ ಅದೇ ಲೋಟ! ಕರುಳಿಗೆ ಹೀರಿಕೊಳ್ಳಲು ಆಗುವುದಕ್ಕಿಂತ ಜಾಸ್ತಿ ಹೋದರೆ ಉಳಿದಿದ್ದು ದೊಡ್ಡ ಕರುಳಿಗೆ ಇಳಿದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಶುರುವಿಗೆ ಗಟ್ಟಿ, ಕೊನೆಗೆ ಮೆತ್ತಗೆ. 200 ಗ್ರಾಂಗೆ ಇಳಿಸಿದ ನಾಲ್ಕನೇ ದಿನ ನೋಟ್‌ಬುಕ್ಕಿನಲ್ಲಿ ಎರಡೂ ಹೊತ್ತು 3 ಬಿತ್ತು. ಗುಂಡನಿಗೆ ಮಾತ್ರ ನಾನು ದ್ರೋಹಿ.

ಹಾಗಾಗಿ ಲೋಟದ ಲೆಕ್ಕ ಬಿಡಿ, ಗ್ರಾಂ ಲೆಕ್ಕ ಇಡಿ. ಪ್ಯಾಕೆಟ್ಟಿನ ಮೇಲಿನ ಅಳತೆ ಇಡೀ ದಿನದ್ದಾ, ಒಂದು ಹೊತ್ತಿನದ್ದಾ ಎಂದೂ ಓದಿ. ಅದನ್ನು ಒಂದು ಹೊತ್ತಿನದು ಅಂದುಕೊಂಡು ಎರಡು ಪಟ್ಟು ಹಾಕಿದವರನ್ನು ಕಂಡಿದ್ದೇನೆ.

ತಕ್ಕಡಿಯಲ್ಲಿ ತಪ್ಪು ಸಿಗದಿದ್ದರೆ ಮನೆಯವರನ್ನು ಕೂರಿಸಿ ಕೇಳಿ. ಬೈಯುವ ದನಿಯಲ್ಲಿ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. “ಪಾಪ, ನೋಡ್ತಾ ಕೂತಿತ್ತು, ಒಂದು ಚೂರು ಕೊಟ್ಟೆ ಅಷ್ಟೇ” ಎನ್ನುವ ಉತ್ತರ ನಾಲ್ಕು ಜನರಿಂದ ಬಂದರೆ ನಾಲ್ಕು ಚೂರು ಆಯಿತಲ್ಲ. ಊಟದ ಹೊರಗಿನ ತಿಂಡಿ ದಿನದ ಒಟ್ಟು ಕ್ಯಾಲೊರಿಯಲ್ಲಿ ಶೇಕಡಾ 10 ದಾಟಬಾರದು. ಹಾಲು ಕೊಡುವವರು ಯಾರು ಎಂದು ಬೇರೆಯಾಗಿ ಕೇಳಿ. ಮರಿ ದೊಡ್ಡದಾದ ಹಾಗೆ ಹಾಲಿನ ಸಕ್ಕರೆ ಅರಗಿಸುವ ಕಿಣ್ವ ಕಮ್ಮಿಯಾಗುತ್ತದೆ, ಎಷ್ಟೋ ನಾಯಿಗಳ ಭೇದಿಗೆ ಹಾಲೇ ಕಾರಣ. ಕಸದ ಬುಟ್ಟಿ, ಬೆಕ್ಕಿನ ಬಟ್ಟಲು, ವಾಕಿಂಗ್ ದಾರಿಯಲ್ಲಿ ಮೂಸಿ ನುಂಗುವುದು, ಇವನ್ನೂ ಪಟ್ಟಿಗೆ ಸೇರಿಸಿ. ಡಾಗ್ ಫುಡ್ ಚೀಲವನ್ನು ಬಾಯಿ ತೆರೆದೇ ಬಿಸಿ ಜಾಗದಲ್ಲಿ ಇಟ್ಟಿದ್ದೀರಾ? ಅದರ ಕೊಬ್ಬು ಕಮಟು ಹಿಡಿದಿರುತ್ತದೆ. ಮೂಸಿ ನೋಡಿ, ಹಳೆ ಎಣ್ಣೆಯ ವಾಸನೆ ಬಂದರೆ ಬಿಸಾಡಿ.

ಹೊಟ್ಟೆಗೆ ಎರಡು ದಿನ ರಜೆ

ಭೇದಿ ಶುರುವಾದ, ಆದರೆ ಉಳಿದಂತೆ ಚೆನ್ನಾಗಿರುವ ದೊಡ್ಡ ನಾಯಿಗೆ ಸಪ್ಪೆ ಊಟ ಸಾಕು. ಚರ್ಮ, ಕೊಬ್ಬು, ಮೂಳೆ ತೆಗೆದ ಕೋಳಿ ಎದೆ ಮಾಂಸ, ಬರೀ ನೀರಿನಲ್ಲಿ ಬೇಯಿಸಿದ್ದು ಒಂದು ಪಾಲು. ಮೆತ್ತಗೆ ಬೆಂದ ಬಿಳಿ ಅನ್ನ ಎರಡು ಪಾಲು. ಉಪ್ಪು, ಎಣ್ಣೆ, ಮಸಾಲೆ ಏನೂ ಬೇಡ. ಅಂಗಡಿಯ ಸೂಪ್ ಕ್ಯೂಬ್ ಹಾಕಿ ರುಚಿ ಮಾಡಲು ಹೋಗಬೇಡಿ, ಅದರಲ್ಲಿ ಉಪ್ಪೂ ಈರುಳ್ಳಿ ಪುಡಿಯೂ ಇರುತ್ತವೆ. ಕೋಳಿ ಆಗದ ನಾಯಿಗೆ ಬೇಯಿಸಿದ ಬಿಳಿ ಮೀನು, ಮುಳ್ಳು ತೆಗೆದು. ದಿನದ ಊಟವನ್ನು ನಾಲ್ಕರಿಂದ ಆರು ಸಣ್ಣ ಪಾಲು ಮಾಡಿ. ಮೊದಲ ದಿನ ಅರೆಹೊಟ್ಟೆಯಾದರೂ ಪರವಾಗಿಲ್ಲ.

ಇದು ಎರಡು ಮೂರು ದಿನದ ಊಟ. ಹೊಟ್ಟೆಗೆ ಹಿತವಾಯಿತು ಅಂತ ತಿಂಗಳುಗಟ್ಟಲೆ ಇದನ್ನೇ ಹಾಕುವವರಿದ್ದಾರೆ. ಇದರಲ್ಲಿ ಕ್ಯಾಲ್ಸಿಯಂ ಸಾಲದು, ಬೇಕಾದ ಕೊಬ್ಬಿನಾಮ್ಲಗಳೂ ಸಾಲವು. ಬೆಳೆಯುವ ಮರಿಯ ಮೂಳೆಗೆ ಪೆಟ್ಟು ಬೀಳುತ್ತದೆ.

ಉಪವಾಸ ಹಾಕಬೇಕಾ? ಬರೀ ಭೇದಿ ಇದ್ದರೆ ಬೇಕಿಲ್ಲ, ಕರುಳಿನ ಒಳಪದರಕ್ಕೂ ಊಟ ಬೇಕು. ವಾಂತಿಯೂ ಇದ್ದರೆ ಆರೋಗ್ಯವಂತ ದೊಡ್ಡ ನಾಯಿಗೆ 6ರಿಂದ 12 ಗಂಟೆ ಊಟ ನಿಲ್ಲಿಸಬಹುದು. ನೀರು ನಿಲ್ಲಿಸಬಾರದು. ಒಂದೇ ಸಲ ಬಟ್ಟಲು ತುಂಬ ಇಟ್ಟರೆ ಗಟಗಟ ಕುಡಿದು ಮತ್ತೆ ಕಕ್ಕುತ್ತದೆ. ಅರ್ಧ ಗಂಟೆಗೊಮ್ಮೆ ಎರಡು ಮೂರು ಚಮಚ ಕೊಡಿ, ಇಲ್ಲವೇ ಐಸ್ ತುಂಡು ನೆಕ್ಕಿಸಿ. ಮರಿಗಳಿಗೆ, ಕೈಯಲ್ಲಿ ಎತ್ತಿಕೊಳ್ಳುವಷ್ಟು ಪುಟ್ಟ ತಳಿಗಳಿಗೆ, ಸಕ್ಕರೆ ಕಾಯಿಲೆ ಇರುವ ನಾಯಿಗೆ ಉಪವಾಸ ಬೇಡವೇ ಬೇಡ. ರಕ್ತದಲ್ಲಿ ಸಕ್ಕರೆ ಕುಸಿಯುತ್ತದೆ.

ಬೇಯಿಸಿ ಹಿಸುಕಿದ ಸಿಹಿಗುಂಬಳ ನನ್ನ ನೆಚ್ಚಿನ ಮದ್ದು. ಪುಟ್ಟ ನಾಯಿಗೆ ಒಂದು ಟೀ ಚಮಚ, ದೊಡ್ಡದಕ್ಕೆ ಒಂದೆರಡು ದೊಡ್ಡ ಚಮಚ, ಊಟದ ಜೊತೆ. ಅದರ ನಾರು ನೀರನ್ನು ಹೀರುತ್ತದೆ, ಹಾಗಾಗಿ ಸಡಿಲ ಮಲಕ್ಕೂ ಮಲಬದ್ಧತೆಗೂ ಆಗುತ್ತದೆ. ಜಾಸ್ತಿ ಹಾಕಿದರೆ ಅದರಿಂದಲೇ ಮೆತ್ತಗಾಗುತ್ತದೆ. ಮೊಸರಿಗೆ ಜನ ಬಾಯಿತುಂಬ ಹೊಗಳುತ್ತಾರೆ. ಹಾಲಿಗಿಂತ ವಾಸಿ ನಿಜ, ಒಂದು ಚಮಚ ಕೆಲವು ನಾಯಿಗಳಿಗೆ ಹಿಡಿಸುತ್ತದೆ. ಆದರೆ ಭೇದಿ ಇರುವ ದಿನವೇ ಮೊದಲ ಸಲ ಕೊಟ್ಟು ಪ್ರಯೋಗ ಮಾಡುವುದು ಜಾಣತನವಲ್ಲ. ನಾಯಿಗೆಂದೇ ಬರುವ, ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪ್ರೊಬಯಾಟಿಕ್ ಪುಡಿ ಅದಕ್ಕಿಂತ ಒಳ್ಳೆಯದು.

ಮನೆಯ ಔಷಧಿ ಡಬ್ಬದಿಂದ ಏನನ್ನೂ ತೆಗೆಯಬೇಡಿ. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಎರಡೂ ನಾಯಿಗೆ ವಿಷವಾಗಬಹುದು. ಭೇದಿ ನಿಲ್ಲಿಸುವ ಲೋಪೆರಮೈಡ್, ಕೋಲಿ ಮತ್ತು ಅದರ ಬಳಗದ ಕೆಲವು ತಳಿಗಳಲ್ಲಿ ಮಿದುಳಿಗೇ ಏರುತ್ತದೆ, ಅವುಗಳ ಒಂದು ಜೀನ್ ದೋಷದಿಂದ. ಬಿಸ್ಮತ್ ಇರುವ ಗುಲಾಬಿ ಔಷಧಿ ಮಲವನ್ನು ಕಪ್ಪು ಮಾಡುತ್ತದೆ, ಆಮೇಲೆ ರಕ್ತ ಯಾವುದು ಬಣ್ಣ ಯಾವುದು ಎಂದು ತಿಳಿಯುವುದಿಲ್ಲ. ಹೋದ ಸಲ ಉಳಿದ ಮೆಟ್ರೊನಿಡಜೋಲ್ ಮಾತ್ರೆಯೂ ಅಷ್ಟೇ. ಸಾದಾ ಭೇದಿ ಆ್ಯಂಟಿಬಯಾಟಿಕ್ ಇಲ್ಲದೆಯೇ ಹೋಗುತ್ತದೆ, ಆ ಮಾತ್ರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ.

ಮತ್ತೆ ಮಾಮೂಲಿ ಊಟಕ್ಕೆ

ಒಂದು ದಿನ ಪೂರ್ತಿ ಗಟ್ಟಿಯಾಗಿ ಹೋದ ಮೇಲೆ ಶುರು ಮಾಡಿ. ಕಾಲು ಭಾಗ ಹಳೆಯ ಊಟ, ಮುಕ್ಕಾಲು ಸಪ್ಪೆ ಊಟ. ಮರುದಿನ ಅರ್ಧ ಅರ್ಧ. ಹೀಗೆ ಮೂರು ನಾಲ್ಕು ದಿನದಲ್ಲಿ ಪೂರ್ತಿ. ಬೇರೆ ಕಂಪನಿಯ ಆಹಾರಕ್ಕೆ ಹೋಗುವುದಾದರೆ 7ರಿಂದ 10 ದಿನ ಬೇಕು, ಸೂಕ್ಷ್ಮ ಹೊಟ್ಟೆಗೆ ಎರಡು ವಾರವಾದರೂ ಸರಿ. ನಾನು ಆ ಮೂರು ಪ್ಯಾಕೆಟ್ ರಾತ್ರೋರಾತ್ರಿ ಬದಲಾಯಿಸಿದ್ದೆ, ಅದರಿಂದಲೂ ಒಂದಷ್ಟು ದಿನ ಅವನ ಹೊಟ್ಟೆ ಕೆಟ್ಟಿರಲೇಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ. ಆಹಾರ, ಪ್ರೊಬಯಾಟಿಕ್, ಹೊಸ ಬಿಸ್ಕತ್ತು ಮೂರನ್ನೂ ಒಂದೇ ವಾರ ಶುರು ಮಾಡಿದರೆ ವಾಸಿಯಾದರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಮೂರು ವಾರ ದಾಟಿದರೆ

ಮೊದಲು ಹುಳು. ಮಾತ್ರೆ ಕೊಟ್ಟಾಗಿದೆ ಅಂದ ಮಾತ್ರಕ್ಕೆ ಮುಗಿಯಲಿಲ್ಲ, ಎಲ್ಲ ಮಾತ್ರೆಯೂ ಎಲ್ಲ ಹುಳುವಿಗೆ ಆಗುವುದಿಲ್ಲ. ಜಿಯಾರ್ಡಿಯಾ ಅನ್ನುವ ಪರಾವಲಂಬಿ ದಿನವೂ ಮಲದಲ್ಲಿ ಬರುವುದಿಲ್ಲ, ಒಂದೇ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತದೆ. ಬೇರೆ ಬೇರೆ ದಿನದ ಮೂರು ಸ್ಯಾಂಪಲ್ ಕೊಡುವುದು ಒಳ್ಳೆಯದು.

ಆಮೇಲೆ ಆಹಾರದ ಅಲರ್ಜಿ. ನಾಯಿಗಳಲ್ಲಿ ಹೆಚ್ಚಾಗಿ ಕಂಡುಬರುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ ಇವುಗಳಿಗೆ. ಕೂದಲು, ಎಂಜಲು ಕಳಿಸಿ ಅಲರ್ಜಿ ಕಂಡುಹಿಡಿಸುವ ಕಿಟ್‌ಗಳನ್ನು ನಂಬಬೇಡಿ, ರಕ್ತಪರೀಕ್ಷೆಯೂ ಇದಕ್ಕೆ ನೆಚ್ಚುವಂಥದ್ದಲ್ಲ. ಇರುವುದು ಒಂದೇ ದಾರಿ. ನಾಯಿ ಯಾವತ್ತೂ ತಿಂದಿರದ ಒಂದೇ ಪ್ರೋಟೀನ್, ಅಥವಾ ಪ್ರೋಟೀನನ್ನು ಚೂರು ಚೂರು ಮಾಡಿರುವ ಹೈಡ್ರೊಲೈಸ್ಡ್ ಆಹಾರ. ಅದು ಬಿಟ್ಟು ಬೇರೇನೂ ಇಲ್ಲ. ಬಿಸ್ಕತ್ತಿಲ್ಲ, ಮಾಂಸದ ರುಚಿಯ ಹುಳುವಿನ ಮಾತ್ರೆಯನ್ನೂ ಡಾಕ್ಟರನ್ನು ಕೇಳಿ ಬದಲಾಯಿಸಬೇಕು. ಹೊಟ್ಟೆಯ ತೊಂದರೆ ಆಹಾರದಿಂದಲೇ ಆಗಿದ್ದರೆ ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಗೊತ್ತಾಗುತ್ತದೆ. ಮೈ ತುರಿಕೆಯೂ ಇದ್ದರೆ 8 ವಾರ ಬೇಕು. ವಾಸಿಯಾದ ಮೇಲೆ ಹಳೆಯ ಆಹಾರವನ್ನು ಮತ್ತೆ ಕೊಟ್ಟು ನೋಡಲು ಯಾರಿಗೂ ಮನಸ್ಸು ಬರುವುದಿಲ್ಲ. ಕೊಡಲೇಬೇಕು. ಕೊಟ್ಟಾಗ ಮತ್ತೆ ಕೆಟ್ಟರೆ ಮಾತ್ರ ಅದು ಅಲರ್ಜಿ ಎಂದು ಖಾತ್ರಿ.

ಬಂದು ಬಂದು ಹೋಗುವ ಭೇದಿ, ಜೊತೆಗೆ ಸುಸ್ತು, ಡ್ರಿಪ್ ಹಾಕಿದರೆ ಪವಾಡದ ಹಾಗೆ ಎದ್ದು ಕೂರುವುದು, ಮತ್ತೆ ಕೆಲವು ವಾರಕ್ಕೆ ಅದೇ ಕಥೆ ಅಂದರೆ ಆಡಿಸನ್ಸ್ ಕಾಯಿಲೆ ಇದೆಯಾ ನೋಡಿ ಎಂದು ನೀವೇ ಕೇಳಿ. ಹೊಟ್ಟೆಯ ಕಾಯಿಲೆಯ ವೇಷದಲ್ಲಿ ಬರುವ ಹಾರ್ಮೋನ್ ತೊಂದರೆ ಅದು.

ಡಾಕ್ಟರ ಹತ್ತಿರ ಹೋಗುವಾಗ ನೋಟ್‌ಬುಕ್ಕು, ವಿಡಿಯೊ, ಪ್ಯಾಕೆಟ್ಟಿನ ಹಿಂಭಾಗದ ಫೋಟೊ, ಕೊಟ್ಟ ಮಾತ್ರೆಗಳ ಹೆಸರು ತೆಗೆದುಕೊಂಡು ಹೋಗಿ. ಮಲದ ಸ್ಯಾಂಪಲ್ ಆ ದಿನದ್ದೇ ಆಗಿರಲಿ, ಗಾಳಿಯಾಡದ ಡಬ್ಬದಲ್ಲಿ. ತಕ್ಷಣ ಹೋಗಲು ಆಗದಿದ್ದರೆ ಫ್ರಿಜ್ಜಿನಲ್ಲಿ ಇಡಬಹುದು, ಫ್ರೀಜರಿನಲ್ಲಿ ಬೇಡ. ಡಬ್ಬದ ಮೇಲೆ ಏನಿದೆ ಅಂತ ದೊಡ್ಡದಾಗಿ ಬರೆದು ಅಂಟಿಸಿ. ನಮ್ಮ ಮನೆಯಲ್ಲಿ ಒಬ್ಬರು ಮುಚ್ಚಳ ತೆಗೆದು ನೋಡಿದ್ದಾರೆ.